ಅರ್ಜಿಯಲ್ಲಿ ‘ಕೆಲಸ ಚಿಂದಿ ಮಾಡ್ತೀನಿ’ ಅಂತ ಬರೆದಿದ್ದಾನೆ, ಏನು ಹೇಳಲಿ?

ಗುಬ್ಬಿಗೇಟ್:
ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಪ್ಪನ ಮಗ ಶಿರಾದಲ್ಲಿದ್ದಾನೆ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ತಿಂಗಳಾಯಿತು. ತುಮಕೂರಿನ ಹತ್ತಿರದ ವಸಂತನರಸಾಪುರದ ಒಂದು ಫ್ಯಾಕ್ಟರಿಯವರು ಟ್ರೈನಿ ಹುಡುಗರು ಬೇಕು, ಅರ್ಜಿ ಕನ್ನಡದಲ್ಲಿದ್ದರೂ ಸರಿ ಅಂತ ಹಾಕಿದ್ದರು. ಇವನು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಬರೆದು ಕಳಿಸಿಬಿಟ್ಟಿದ್ದಾನೆ. ನಿನ್ನೆ ತೋರಿಸಿದ. ಅವನನ್ನು ಕೇಳಿಕೊಂಡೇ ಇಲ್ಲಿ ಹಾಕುತ್ತಿದ್ದೇನೆ:

“ಹಾಯ್ ಸರ್, ನಾನು ಸಕ್ಕತ್ ಹಾರ್ಡ್‌ವರ್ಕರ್. ಒಂದ್ ಚಾನ್ಸ್ ಕೊಡಿ ಸಾಕು, ಕೆಲಸ ಚಿಂದಿ ಮಾಡ್ತೀನಿ. ಸ್ಯಾಲರಿ ಎಷ್ಟು ಅಂತ ಬೇಗ ಹೇಳಿ ಗುರು.”

ಕೊನೆಗೆ ಮೂರು ಬೆಂಕಿ ಎಮೋಜಿ. ನಾನು ನಕ್ಕೆ, ಅವನಿಗೆ ಬೇಜಾರಾಯಿತು. “ನಾವು ಮಾತಾಡೋ ಕನ್ನಡಾನೇ ಅಲ್ವಾ ಅಣ್ಣ, ಪುಸ್ತಕದ ಕನ್ನಡ ಬರೆದರೆ ಮಾತ್ರ ಕೆಲಸ ಕೊಡ್ತಾರಾ?” ಅಂದ. ನಿಜ ಹೇಳಬೇಕೆಂದರೆ ನನಗೆ ತಕ್ಷಣ ಉತ್ತರ ಸಿಗಲಿಲ್ಲ. ಆಡುಮಾತು ಎಲ್ಲಿಯವರೆಗೆ ನಡೆಯುತ್ತೆ, ಎಲ್ಲಿಂದ ಕೆಡುತ್ತೆ? ಮತ್ತೆ ಬರೆಸಬೇಕು ಅಂತಿದ್ದೇನೆ.

ನರಸಾಪುರ ಶಿಫ್ಟ್:
ನಾನು ಕೋಲಾರದ ಕಡೆ ನರಸಾಪುರದಲ್ಲಿ ಒಂದು ಕಂಪನಿಯ ಎಚ್‌ಆರ್‌ನಲ್ಲಿದ್ದೇನೆ. ವಸಂತನರಸಾಪುರ ಅಲ್ಲ. ಎರಡಕ್ಕೂ ಗೊಂದಲ ಮಾಡಿಕೊಂಡು ತುಮಕೂರಿಂದ ಇಲ್ಲಿಗೆ ಫೋನ್ ಮಾಡುವವರೂ ಇದ್ದಾರೆ, ಅದು ಬೇರೆ ಕಥೆ.

ನಿಮ್ಮ ತಮ್ಮನ ಅರ್ಜಿಯಲ್ಲಿ ನನಗೆ ‘ಸಕ್ಕತ್’ ದೊಡ್ಡ ತಪ್ಪು ಅನ್ನಿಸಲಿಲ್ಲ. ಅದರಲ್ಲಿ ವಿಷಯವೇ ಇಲ್ಲ, ಅದು ತಪ್ಪು. ಯಾವ ಮೆಷಿನ್ ಮುಟ್ಟಿದ್ದಾನೆ? ಲೇತಾ, ಸಿಎನ್‌ಸಿನಾ? ಡ್ರಾಯಿಂಗ್ ಓದುತ್ತಾನಾ? ಒಬ್ಬ ಹುಡುಗ ಹೋದ ವರ್ಷ ಒಂದೇ ಸಾಲು ಬರೆದಿದ್ದ, “ವರ್ನಿಯರ್‌ನಲ್ಲಿ 0.02 ಮಿ.ಮೀ., ಮೈಕ್ರೋಮೀಟರ್‌ನಲ್ಲಿ 0.01 ಮಿ.ಮೀ.ವರೆಗೆ ಅಳತೆ ತೆಗೆಯಲು ಬರುತ್ತದೆ” ಅಂತ. ಕಾಗುಣಿತ ಎರಡು ಕಡೆ ತಪ್ಪಿತ್ತು. ಆದರೂ ಅವನನ್ನು ಕರೆದೆವು, ಯಾಕೆಂದರೆ ಬಂದ ದಿನ ಏನು ಕೊಡಬಹುದು ಅಂತ ಸೂಪರ್‌ವೈಸರ್‌ಗೆ ಓದಿದ ಕೂಡಲೇ ಗೊತ್ತಾಯಿತು. ಹಾರ್ಡ್‌ವರ್ಕರ್ ಅಂತ ಎಲ್ಲರೂ ಬರೆಯುತ್ತಾರೆ.

ಗುರು, ಬ್ರೋ, ಮಗಾ ಇವು ಮಾತ್ರ ಬೇಡ. ಭಾಷೆ ಕೀಳು ಅಂತಲ್ಲ, ಓದುವವರು ಇವನಿಗೆ ಪರಿಚಯವೇ ಇಲ್ಲ ಅಷ್ಟೇ. ಗೊತ್ತಿಲ್ಲದವರ ಮನೆಗೆ ಹೋಗಿ ಸೀದಾ ಅಡುಗೆಮನೆಗೆ ನುಗ್ಗಿದ ಹಾಗಾಗುತ್ತೆ. ಇನ್ನು ಫೋಟೋ: ಮದುವೆ ಫೋಟೋದಲ್ಲಿ ತನ್ನ ಮುಖ ಮಾತ್ರ ಕತ್ತರಿಸಿ ಹಾಕುತ್ತಾರೆ, ಹೆಗಲ ಮೇಲೆ ಬೇರೆ ಯಾರದೋ ಕೈ ಹಾಗೇ ಉಳಿದಿರುತ್ತೆ. ಬೆರಳಲ್ಲಿ ಉಂಗುರ ಬೇರೆ.

ಹಳೇ ಕೇಸ್ ವರ್ಕರ್:
ಚಿಕ್ಕಬಳ್ಳಾಪುರದವನು, ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಓದಿ ಓದಿಯೇ ರಿಟೈರ್ ಆದವನು. ಮೊದಲು ‘ಚಿಂದಿ’ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ಕಾಲದವರಿಗೆ ಚಿಂದಿ ಅಂದರೆ ಹರಿದ ಬಟ್ಟೆ. ಕೆಲಸ ಚಿಂದಿ ಮಾಡುತ್ತೇನೆ ಅಂದರೆ ಹಾಳು ಮಾಡುತ್ತೇನೆ ಅಂತಲೇ ನಾನು ಓದಿಕೊಂಡೆ. ಮೊಮ್ಮಗಳನ್ನು ಕೇಳಿದ ಮೇಲೆ ಅದು ಹೊಗಳಿಕೆ ಅಂತ ಗೊತ್ತಾಯಿತು. ಪಡ್ಡೆ ಮಾತಿನ ಕಷ್ಟ ಇದೇ. ಹತ್ತು ವರ್ಷ ದೊಡ್ಡವನಿಗೆ ಅದು ಬೇರೆಯೇ ಅರ್ಥ ಕೊಡುತ್ತೆ.

ಆದರೆ ಹುಡುಗ ಕೇಳಿದ ಪ್ರಶ್ನೆ ಸರಿಯಾಗಿದೆ. ಪುಸ್ತಕದ ಕನ್ನಡವೂ ಬೇಡ. “ಘನವೆತ್ತ ತಮ್ಮ ಸನ್ನಿಧಾನದಲ್ಲಿ ವಿನಮ್ರನಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ” ಅಂತ ಶುರುವಾಗಿ, ಒಂದು ಪುಟ ಮುಗಿದರೂ ಪಹಣಿ ಬೇಕೋ ಪಿಂಚಣಿ ಬೇಕೋ ತಿಳಿಯದ ಅರ್ಜಿಗಳನ್ನು ಎಷ್ಟು ನೋಡಿದ್ದೇನೋ. ಅದೂ ಒಂದು ತರಹದ ಸುಮ್ನೆ ಮಾತೇ. ಇಂದ, ಗೆ, ಮಾನ್ಯರೇ, ವಿಷಯ, ಆಮೇಲೆ ನಾಲ್ಕು ಸಾಲು, ವಂದನೆಗಳು, ಸ್ಥಳ, ದಿನಾಂಕ, ಸಹಿ. ಮುಗಿಯಿತು.

ಸ್ಲ್ಯಾಂಗ್‌ಗಿಂತ ಜಾಸ್ತಿ ತೊಂದರೆ ಕೊಡುವುದು ವಿಳಾಸ. 2007ರಲ್ಲಿ ನಮ್ಮದು ಬೇರೆ ಜಿಲ್ಲೆಯಾಯಿತು, ಎಷ್ಟೋ ವರ್ಷ ಆದಮೇಲೂ ‘ಕೋಲಾರ ಜಿಲ್ಲೆ’ ಅಂತಲೇ ಅರ್ಜಿ ಬರುತ್ತಿತ್ತು. ತುಮಕೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಕೂಡ 2014ರಲ್ಲಿ ಬದಲಾಗಿದೆ, ನೋಡಿಕೊಂಡು ಬರೆಯಲಿ. ಹೆಸರು ಮಾತ್ರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಇರಲಿ.

ಮುಳಬಾಗಿಲು ದೋಸೆ:
ನಾನು ಸ್ವಲ್ಪ ಹುಡುಗನ ಪರ. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಅರ್ಜಿ ಬರೆಯಲು ಕೂತರೆ ಮೂರೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಭಯಕ್ಕೆ ಝೆರಾಕ್ಸ್ ಅಂಗಡಿಯವರ ಹತ್ತಿರ ಇರುವ ರೆಡಿ ಬಯೋಡೇಟಾದಲ್ಲಿ ಹೆಸರು ಬದಲಾಯಿಸಿ ಕೊಟ್ಟೆ. ಇಂಟರ್‌ವ್ಯೂನಲ್ಲಿ “ಚೆಸ್ ಆಡ್ತೀರಾ?” ಅಂದರು. ನನಗೆ ಕುದುರೆ ಹೇಗೆ ನಡೆಯುತ್ತೆ ಅಂತಲೂ ಗೊತ್ತಿಲ್ಲ. ಹವ್ಯಾಸ ಅನ್ನೋ ಕಡೆ ಚೆಸ್ ಅಂತ ಹಿಂದಿನವನು ಬರೆಸಿದ್ದು ಹಾಗೇ ಉಳಿದಿತ್ತು! ಆ ಸುಳ್ಳಿಗಿಂತ ‘ಸಕ್ಕತ್’ ಮೇಲು ಅಲ್ವಾ?

ಒಪ್ಪಿಕೊಳ್ಳಬೇಕಾದ ಇನ್ನೊಂದು ಇದೆ. ಕೆಲಸ ಸಿಕ್ಕ ಮೇಲೆ ಮ್ಯಾನೇಜರ್ ವಾಟ್ಸಾಪಿನಲ್ಲಿ “ನಾಳೆ ಫಸ್ಟ್ ಶಿಫ್ಟ್‌ಗೆ ಬನ್ನಿ” ಅಂತ ಹಾಕಿದರು. ನಾನು “ಸರಿ ಮಗಾ” ಅಂತ ಕಳಿಸಿದೆ. ಬೆರಳಿಗೆ ಅದೇ ಅಭ್ಯಾಸ. ಅಳಿಸುವಷ್ಟರಲ್ಲಿ ಎರಡು ನೀಲಿ ಟಿಕ್ ಬಂದಿತ್ತು. ಅವರು ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ, ಅದೇ ಭಯ.

ಗುಬ್ಬಿಗೇಟ್:
ಎಲ್ಲರಿಗೂ ಥ್ಯಾಂಕ್ಸ್, ಕೇಸ್ ವರ್ಕರ್ ಸರ್‌ಗೆ ವಿಶೇಷವಾಗಿ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿದೆ. ಚಿಂದಿ ಬಟ್ಟೆ ಅಂದಾಗ ಅವನೂ ನಕ್ಕ. ಈಗ ಹೀಗೆ ಬರೆದಿದ್ದಾನೆ:

“ಮಾನ್ಯರೇ, ತಮ್ಮ ಕಂಪನಿಯ ಟ್ರೈನಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಕಾಲೇಜಿನಲ್ಲಿ ಲೇತ್ ಮೇಲೆ ಕೆಲಸ ಮಾಡಿದ್ದೇನೆ. ಆರು ತಿಂಗಳಿಂದ ನಮ್ಮೂರಿನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಬೇರಿಂಗ್, ಸೀಲ್ ಬದಲಾಯಿಸುತ್ತಿದ್ದೇನೆ. ರಾತ್ರಿ ಶಿಫ್ಟ್‌ಗೂ ಬರುತ್ತೇನೆ.”

ಪಂಪ್‌ಸೆಟ್ ವಿಷಯ ಅವನು ಮೊದಲು ಬರೆದೇ ಇರಲಿಲ್ಲ. ಅದು ಅನುಭವ ಅಂತ ಲೆಕ್ಕಕ್ಕೇ ಬರಲ್ಲ ಅಂದುಕೊಂಡಿದ್ದನಂತೆ.

ನರಸಾಪುರ ಶಿಫ್ಟ್:
ಇದು ಅರ್ಜಿ. ಪಂಪ್‌ಸೆಟ್ ಸಾಲು ಮೇಲಕ್ಕೆ ತನ್ನಿ, ಮೊದಲ ಸಾಲಾದ ತಕ್ಷಣ. ಸಂಬಳ ಕೇಳುವುದು ತಪ್ಪಲ್ಲ, ಫೋನ್ ಬಂದಾಗ ಕೇಳಲಿ. ಕನ್ನಡದ್ದನ್ನು ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿದರೆ ಪಿಡಿಎಫ್ ಮಾಡಿಯೇ ಕಳಿಸಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಟು, ಚಿಹ್ನೆ ಕಾಣುತ್ತೆ. ಇಮೇಲ್ ಐಡಿ ಏನಿದೆ?

ಗುಬ್ಬಿಗೇಟ್:
ಅದನ್ನು ಮಾತ್ರ ಕೇಳಬೇಡಿ. ‘ಶಿರಾ ಸಿಡಿಲು ಮರಿ’, ಮುಂದೆ ಮೂರು ಸೊನ್ನೆ. ಪಿಯುಸಿಯಲ್ಲಿ ಮಾಡಿದ್ದು. ಎಲ್ಲ ಆ್ಯಪ್ ಅದರಲ್ಲೇ ಇದೆ, ಬದಲಾಯಿಸಲ್ಲ ಅಂತ ಹಟ ಹಿಡಿದಿದ್ದಾನೆ.

ಮುಳಬಾಗಿಲು ದೋಸೆ:
ಸಿಡಿಲು ಮರಿ ಹಾಗೇ ಇರಲಿ ಬಿಡಿ, ಅರ್ಜಿಗೆ ಅಂತ ಇನ್ನೊಂದು ಐಡಿ ಮಾಡಿ, ಐದು ನಿಮಿಷದ ಕೆಲಸ. ಪಾಸ್‌ವರ್ಡ್ ನೀವೂ ಬರೆದಿಟ್ಟುಕೊಳ್ಳಿ, ಇಂಟರ್‌ವ್ಯೂಗೆ ಕರೆದಾಗ ಮರೆತಿರುತ್ತಾನೆ.