ಸಹಾಯ ಬೇಕು: ಮಾತು ಬರದ ಮಗನಿಗೆ ಆಟದಲ್ಲೇ ಅಕ್ಷರ ಕಲಿಸೋದು ಹೆಂಗೆ?

ಎಲ್ರಿಗೂ ನಮಸ್ಕಾರ, ನಾವು ದಾವಣಗೆರೆಯವ್ರು. ಮಗನಿಗೆ ಐದು ವರ್ಷ, ಮಾತು ಬಂದಿಲ್ಲ, ಆದ್ರೆ ಎಲ್ಲಾ ಅರ್ಥ ಆಗ್ತೈತೆ, ಬೇಕಾದ್ದನ್ನ ಫೋಟೋ ಕಾರ್ಡ್ ಮುಟ್ಟಿ ತೋರಿಸ್ತಾನೆ. ಮಂಡಕ್ಕಿ ಅಂದ್ರೆ ಪ್ರಾಣ, ತಟ್ಟೇಲಿ ರವೆ ಹರಡಿ ‘ಮ’ ಬರೆದ್ರೆ ಅದರ ಮೇಲೆ ಬೆರಳಾಡ್ಸಿ ಸೀದಾ ಮಂಡಕ್ಕಿ ಡಬ್ಬಿ ಕಡೆ ನೋಡ್ತಾನೆ, ನಂಗಾಗೋ ಖುಷಿ ಹೇಳಕ್ಕಾಗಲ್ಲ. ಬಾಯಲ್ಲಿ ಹೇಳ್ದಿದ್ರೆ ಅಕ್ಷರ ಬರಲ್ಲ ಅನ್ನೋದನ್ನ ನಾನಂತೂ ಒಪ್ಪಲ್ಲ. ಎರಡು ಕಾರ್ಡ್ ಮುಂದಿಟ್ಟು ಕೇಳ್ತೀನಿ, ಕಣ್ಣಲ್ಲಿ ತೋರಿಸಿದ್ರೂ ಸಾಕು. ಆದ್ರೆ ‘ಮ’ ‘ವ’ ಪಕ್ಕಪಕ್ಕ ಇಟ್ರೆ ಗೊಂದಲ ಮಾಡ್ಕೊಳ್ತಾನೆ, ಇನ್ನು ಕಾಗುಣಿತಕ್ಕೆ ಹೆಂಗೆ ಹೋಗೋದು? ಇಂಥ ಮಕ್ಕಳನ್ನ ಆಡ್ಸಿ ಕಲಿಸಿರೋ ಅಕ್ಕಂದಿರು, ಟೀಚರ್‌ಗಳು, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ಗೆ ಹೋಗ್ಬಂದೋರು ಇದ್ರೆ ನೀವು ಆಡ್ಸೋ ಆಟ ಹೇಳ್ರಿ, ಕನ್ನಡದಲ್ಲಿ ಮಾತಾಡೋ ಆಪ್ ಯಾವ್ದು ಬಳಸ್ತೀರ ಅನ್ನೋದನ್ನೂ ದಯವಿಟ್ಟು ತಿಳಿಸ್ರಿ.