ನಾಲ್ಕೇ ಕಿಲೋಮೀಟರ್ ಎಳೆಯೋದು, ಆದ್ರೂ ಟ್ರೇಲರ್ ಓಲಾಡ್ತಿದೆ, ರ‍್ಯಾಂಪಲ್ಲಿ ಚಕ್ರ ಜಾರ್ತಿದೆ

ನೀರುಕಾಗೆ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಸೆಕೆಂಡ್‌ಹ್ಯಾಂಡ್ ಬೋಟು ತಗೊಂಡೆ, ಹಿಂದೆ 150 ಎಚ್‌ಪಿ ಔಟ್‌ಬೋರ್ಡ್ ಮೋಟಾರ್ ಇದೆ. ಶೆಡ್ಡಿನಿಂದ ನೀರಿಗೆ ನಾಲ್ಕೇ ಕಿಲೋಮೀಟರ್. ಎಳೆಯೋದು ನನ್ನ ಮಿಡ್‌ಸೈಜ್ ಎಸ್‌ಯುವಿ: 2.0 ಲೀಟರ್ ಟರ್ಬೊ, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಮುಂದಿನ ಚಕ್ರ ಜಾರಿದ್ರೆ ಹಿಂದಕ್ಕೂ ಶಕ್ತಿ ಕಳಿಸೋ ಆಟೊಮ್ಯಾಟಿಕ್ ಎಡಬ್ಲ್ಯುಡಿ. ಬ್ರೇಕ್ ಇರೋ ಟ್ರೇಲರಾದ್ರೆ 2000 ಕೆಜಿ ತನಕ, ಹಿಚ್ (ಟ್ರೇಲರ್ ಸಿಕ್ಕಿಸೋ ಕಾರಿನ ಕೊಂಡಿ) ಮೇಲೆ 200 ಕೆಜಿ ತನಕ ಅಂತ ಮ್ಯಾನ್ಯುಯಲ್‌ನಲ್ಲಿದೆ. ಕ್ಯಾಟಲಾಗ್ ಪ್ರಕಾರ ಬೋಟು 1350 ಕೆಜಿ. ಆರಾಮಾಗಿ ಎಳೆಯುತ್ತೆ ಅಂದ್ಕೊಂಡಿದ್ದೆ.

ಈಗ ಮೂರು ತಲೆನೋವು. ಸ್ಪೀಡು 50 ದಾಟಿದ್ರೆ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡುತ್ತೆ, ಸ್ಟೀರಿಂಗ್ ಕೈಯಲ್ಲೇ ಗೊತ್ತಾಗುತ್ತೆ. ನೀರಿಗಿಳಿಯೋ ಇಳಿಜಾರು ರ‍್ಯಾಂಪಲ್ಲಿ ಬೋಟು ಮೇಲೆ ಎಳೆಯುವಾಗ ಮುಂದಿನ ಚಕ್ರ ಸುಮ್ನೆ ಸುತ್ತುತ್ತೆ. ಶೆಡ್ಡಿನ ಮುಂದೆ ಸಣ್ಣ ಏರಿದೆ, ಅಲ್ಲಿ ರಿವರ್ಸ್ ಹತ್ತಿಸುವಾಗ ಟ್ರೇಲರ್ ನೆಲಕ್ಕೆ ಅಂಟಿಕೊಂಡ ಹಾಗೆ ನಿಲ್ಲುತ್ತೆ. ಜಾಸ್ತಿ ಒತ್ತಿದ್ರೆ ಸುಟ್ಟ ವಾಸನೆ. ನಿನ್ನೆ ಗೇರ್‌ಬಾಕ್ಸ್ ಬಿಸಿ ಅಂತ ವಾರ್ನಿಂಗೂ ಬಂತು. ಒಂದೇ ಸಮಾಧಾನ ಅಂದ್ರೆ ಕಾರಿನ ಹಿಂಭಾಗ ಒಂಚೂರೂ ಕುಸಿದಿಲ್ಲ.

ಎಂಜಿನ್ ಸಾಲ್ತಿಲ್ವಾ? ದೊಡ್ಡ ಗಾಡಿನೇ ಬೇಕಾ?

ಸುಮ್ನೆಬಂದೆ:
ನಾಲ್ಕು ಕಿಲೋಮೀಟರಿಗೆ ಇಷ್ಟೊಂದು ಯಾಕೆ ಯೋಚನೆ ಗುರು. 30ರಲ್ಲಿ ಹೋಗಿ, ಆಯ್ತು.

ಹಳೆಹುಟ್ಟು:
30ರಲ್ಲಿ ಹೋದ್ರೆ ಓಲಾಟ ಕಾಣಲ್ಲ, ಅಷ್ಟೇ. ಕಾಯಿಲೆ ಅಲ್ಲೇ ಇರುತ್ತೆ. ದೂರ ಕಮ್ಮಿ ಅಂದ್ರೆ ಎಂಜಿನ್ನಿಗೂ ಟೈರಿಗೂ ಒಂದಿಷ್ಟು ರಿಯಾಯಿತಿ ಸಿಗುತ್ತೆ, ಒಪ್ತೀನಿ. ಬ್ರೇಕು, ಹಿಚ್ಚು, ರ‍್ಯಾಂಪು, ಇವಕ್ಕೆ ನೀವು ನಾಲ್ಕು ಕಿಲೋಮೀಟರಿಂದ ಬಂದ್ರೋ ನಾನೂರರಿಂದ ಬಂದ್ರೋ ಗೊತ್ತೇ ಆಗಲ್ಲ.

ನೀರುಕಾಗೆ ಸರ್, ನಿಮಗೆ ಸಮಾಧಾನ ಕೊಟ್ಟಿದ್ದೇ ನನಗೆ ಭಯ ಹುಟ್ಟಿಸ್ತಿದೆ. ಇಷ್ಟು ಭಾರದ ಟ್ರೇಲರ್ ಕೊಂಡಿ ಹಾಕಿದ ಮೇಲೂ ಕಾರು ಒಂಚೂರೂ ಕುಸಿದಿಲ್ಲ ಅಂದ್ರೆ ಹಿಚ್ ಮೇಲೆ ಭಾರವೇ ಕೂತಿಲ್ಲ. ಟ್ರೇಲರ್ ಹಿಂಭಾರ ಆಗಿದೆ. ಗಾಡಿ ಹಿಂಭಾರ ಆದ್ರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತಲ್ಲ, ಅದೇ ಕಥೆ. ಇಲ್ಲಿ ವೇಗ ಬೇರೆ ಇರೋದ್ರಿಂದ ಬಾಲ ಬೀಸುತ್ತೆ. ಒಟ್ಟು ತೂಕದ ಸುಮಾರು ಶೇ. 10ರಷ್ಟು ಹಿಚ್ ಮೇಲಿರಬೇಕು, ನಿಮ್ಮ 200ರ ಮಿತಿಯೂ ದಾಟಬಾರದು.

ಕ್ಯಾಟಲಾಗ್ ತೂಕ ನಂಬಬೇಡಿ. ಅದರಲ್ಲಿ ಬಹಳ ಸಲ ಔಟ್‌ಬೋರ್ಡ್ ಮೋಟಾರೇ ಸೇರಿರಲ್ಲ, ನಿಮ್ಮದು 200 ಕೆಜಿ ದಾಟುತ್ತೆ. ಟ್ರೇಲರಿನ ತೂಕ ಬೇರೆ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿ ಹಿಡೀರಿ. ಬ್ಯಾಟರಿ, ಲಂಗರು, ಹಗ್ಗ ಎಲ್ಲ ಸೇರಿಸಿ. ಇವತ್ತೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಟ್ರೇಲರನ್ನ ಬಿಚ್ಚಿ ಅದೊಂದನ್ನೇ ತೂಗಿಸಿ.

ಹಿಚ್ ಭಾರ ಮನೆಯಲ್ಲೇ ಅಳೀಬಹುದು, ಬಾತ್‌ರೂಮ್ ತಕ್ಕಡಿ ಸಾಕು. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲೆ, ನಡುವೆ 90 ಸೆಂಮೀ. ಇಟ್ಟಿಗೆಯಿಂದ 30 ಸೆಂಮೀ ದೂರದಲ್ಲಿ ಟ್ರೇಲರ್ ಮೂತಿ ಕೂರಿಸಿ. ಕಾರಿಗೆ ಕಟ್ಟಿದಾಗ ಇರೋ ಎತ್ತರದಲ್ಲೇ ಮಟ್ಟವಾಗಿ ಇರಲಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಅಡ್ಡ ಕೊಟ್ಟಿರಲಿ. ತಕ್ಕಡಿ ಎಷ್ಟು ತೋರಿಸುತ್ತೋ ಅದರ ಮೂರರಷ್ಟು ಹಿಚ್ ಭಾರ.

ಗ್ರೀಸ್‌ಕೈ:
ರಿವರ್ಸ್‌ನಲ್ಲಿ ಅಂಟಿಕೊಳ್ಳೋದು ನಾನು ಹೇಳ್ತೀನಿ. ಟ್ರೇಲರಲ್ಲಿ ಸರ್ಜ್ ಬ್ರೇಕ್ ಇದೆಯಾ? ಕಾರು ಬ್ರೇಕ್ ಹಿಡಿದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತೆ, ಆ ಒತ್ತಡಕ್ಕೆ ಮೂತಿಯೊಳಗಿನ ಸಿಲಿಂಡರ್ ಆಯಿಲ್ ತಳ್ಳಿ ಬ್ರೇಕ್ ಹಾಕುತ್ತೆ. ಅದಕ್ಕೆ ನೀವು ಬ್ರೇಕ್ ಹಿಡೀತಿದ್ದೀರೋ ರಿವರ್ಸ್ ತಳ್ತಿದ್ದೀರೋ ತಿಳಿಯಲ್ಲ. ಎರಡೂ ಅದರ ಪಾಲಿಗೆ ಒಂದೇ. ಏರಿನಲ್ಲಿ ತಳ್ಳಿದಷ್ಟೂ ಬಿಗಿಯಾಗುತ್ತೆ.

ಅದಕ್ಕೇ ಡಿಸ್ಕ್ ಬ್ರೇಕ್ ಇರೋ ಟ್ರೇಲರಲ್ಲಿ ಒಂದು ಸೊಲೆನಾಯ್ಡ್ (ಕರೆಂಟಲ್ಲಿ ಕೆಲಸ ಮಾಡೋ ವಾಲ್ವ್) ಇರುತ್ತೆ. ಕಾರಿನ ರಿವರ್ಸ್ ಲೈಟಿನ ಕರೆಂಟ್ ಬಂದ್ರೆ ಆಯಿಲ್ ದಾರಿ ಮುಚ್ಚಿ ಬ್ರೇಕ್ ಬೀಳದ ಹಾಗೆ ತಡೆಯುತ್ತೆ. ನಿಮ್ಮ ಕಾರಿಂದ ಟ್ರೇಲರಿಗೆ ಹೋಗೋ ಪ್ಲಗ್ಗಲ್ಲಿ ಎಷ್ಟು ಪಿನ್ ಇದೆ ನೋಡಿ. ನಾಲ್ಕೇ ಇದ್ರೆ ರಿವರ್ಸ್ ವೈರೇ ಇಲ್ಲ ಅಂತರ್ಥ.

ಸುಟ್ಟ ವಾಸನೆ ನಿಮ್ಮ ಕ್ಲಚ್ಚಿಂದು. ಡ್ಯುಯಲ್ ಕ್ಲಚ್ಚಲ್ಲಿ ಏರಿನ ಮೇಲೆ ಆಮೆ ಹಾಗೆ ತೆವಳೋದು ಅಂದ್ರೆ ಕಂಪ್ಯೂಟರೇ ನಿಮ್ಮ ಪರವಾಗಿ ಹಾಫ್ ಕ್ಲಚ್ ಹಾಕ್ಕೊಂಡು ಕೂತಿದೆ ಅಂತ. ಅದರ ಮೇಲೆ ಲಾಕ್ ಆದ ಟ್ರೇಲರ್! ವೈರ್ ಸರಿಯಾಗೋ ತನಕ ಆ ಏರು ಹತ್ತಿಸಬೇಡಿ.

ನೀರುಕಾಗೆ:
ಗ್ರೀಸ್‌ಕೈ ಸರ್, ನಾಲ್ಕೇ ಪಿನ್! ಹಳೇ ಮಾಲೀಕರು ಅಡಾಪ್ಟರ್ ಹಾಕಿ ಕೊಟ್ಟಿದ್ರು. ಟ್ರೇಲರ್ ಕಡೆ ಐದನೇ ವೈರ್ ಟೇಪ್ ಸುತ್ತಿಕೊಂಡು ಹಾಗೇ ನೇತಾಡ್ತಿದೆ.

ಹಳೆಹುಟ್ಟು ಅಣ್ಣಾ, ವೇಬ್ರಿಡ್ಜಲ್ಲಿ 2240 ಕೆಜಿ ಬಂತು. ತಕ್ಕಡಿ 17 ತೋರಿಸ್ತು, ಅಂದ್ರೆ ಹಿಚ್ ಮೇಲೆ ಬರೀ 51. ಆದ್ರೆ ಒಂದು ಅರ್ಥ ಆಗ್ತಿಲ್ಲ. ನೀವು ಹೇಳಿದ್ದೆಲ್ಲ ಕೂಡಿಸಿದ್ರೂ ನನ್ನ ಲೆಕ್ಕ 2060 ದಾಟಲ್ಲ.

ಹಳೆಹುಟ್ಟು:
ಬೋಟಿನ ಹಿಂದೆ ಕೆಳಗಡೆ ಡ್ರೇನ್ ಪ್ಲಗ್ ಇರುತ್ತೆ. ಟ್ರೇಲರ್ ಮೂತಿ ಎತ್ತಿಟ್ಟು ಅದನ್ನ ಬಿಚ್ಚಿ ನೋಡಿ. ಕವರ್ ಹರಿದಿದೆಯಾ?

ನೀರುಕಾಗೆ:
ಹರಿದಿದೆ. ಬಿಚ್ಚಿದೆ. ಅರ್ಧ ಗಂಟೆ ನೀರು ಹರೀತು ಅಣ್ಣಾ, ನಿಲ್ಲೋ ಲಕ್ಷಣವೇ ಇರಲಿಲ್ಲ. ಮಳೆನೀರೆಲ್ಲ ಫ್ಲೋರ್ ಅಡಿ ಸೇರ್ಕೊಂಡಿತ್ತು. ನಾನು ಇಷ್ಟು ದಿನ ನೀರನ್ನ ನೀರಿಗೆ ಸಾಗಿಸ್ತಿದ್ದೆ!

ಹಳೆಹುಟ್ಟು:
ಹ್ಹಹ್ಹ. ಒಂದು ಲೀಟರಿಗೆ ಒಂದು ಕೆಜಿ, ಅದೂ ಎಲ್ಲಾ ಬಾಲದಲ್ಲಿ. ಅಚ್ಚಿನಿಂದ ಎರಡು ಮೀಟರ್ ಹಿಂದೆ 180 ಕೆಜಿ ಕೂತ್ರೆ, ಅಚ್ಚಿಂದ ಹಿಚ್‌ಗೆ ಐದು ಮೀಟರ್ ಅಂದ್ಕೊಂಡ್ರೆ, ಹಿಚ್ ಭಾರ 72 ಕೆಜಿ ಕಳ್ಕೊಂಡಿತ್ತು ಅಂತಾಯ್ತು. ಈಗ 123ರ ಹತ್ತಿರ ಇರಬೇಕು. ಇನ್ನೂ ಸ್ವಲ್ಪ ಬೇಕು. ಟ್ಯಾಂಕ್ ಅರ್ಧ ಇಳಿಸಿ, ಹಿಂದಿನ ಡಬ್ಬಿಗಳಲ್ಲಿರೋ ಸಾಮಾನು ತೆಗೆದಿಡಿ. ಆಮೇಲೆ ಬೋಟಿನ ಹಿಂಗೋಡೆ ಟ್ರೇಲರ್ ಹಲಗೆಯಿಂದ ಆಚೆ ಚಾಚಿದೆಯಾ ನೋಡಿ. ಚಾಚಿದ್ರೆ ವಿಂಚ್ ಕಂಬ (ಬೋಟಿನ ಮೂತಿ ಎಳೆದು ಹಿಡಿಯೋ ರಾಟೆ ಇರೋ ಕಂಬ) ಸಡಿಲಿಸಿ, ಬೋಟು ಸಮೇತ ಮುಂದಕ್ಕೆ ತಗೊಳ್ಳಿ. 15 ಸೆಂಮೀ ಸರಿದ್ರೆ 45 ಕೆಜಿಯಷ್ಟು ಮುಂದೆ ಬರುತ್ತೆ.

ಮತ್ತೆ ಓಲಾಟ ಶುರುವಾದ್ರೆ, ಸ್ಟೀರಿಂಗ್ ತಿರುವಿ ಸರಿಮಾಡೋಕೆ ಹೋಗಬೇಡಿ. ನೇರ ಹಿಡ್ಕೊಂಡು ಆಕ್ಸಲರೇಟರಿಂದ ಮೆಲ್ಲಗೆ ಕಾಲು ತೆಗೀರಿ. ಕಾರಿನ ಬ್ರೇಕ್ ಒಮ್ಮೆಲೇ ಒತ್ತಬೇಡಿ.

ಇನ್ನು ರ‍್ಯಾಂಪ್. ಇಳಿಜಾರು ಎಷ್ಟು?

ನೀರುಕಾಗೆ:
ಫೋನಿನ ಮಟ್ಟಗೋಲಲ್ಲಿ 8 ಡಿಗ್ರಿ. ಕಾರು 1900 ಕೆಜಿ.

ಹಳೆಹುಟ್ಟು:
8 ಡಿಗ್ರಿ ಅಂದ್ರೆ ಶೇ. 14. ಎಳೆಯೋ ಸಾಮರ್ಥ್ಯ ಅಳೆಯುವ ಎಸ್‌ಎಇ ಜೆ2807 ಪರೀಕ್ಷೆಯಲ್ಲಿ ಶೇ. 12ರ ಏರಿನಲ್ಲಿ ನಿಂತಲ್ಲಿಂದ ಐದು ನಿಮಿಷದಲ್ಲಿ ಐದು ಸಲ ಹೊರಡಬೇಕು, ಮುಂದಕ್ಕೂ ರಿವರ್ಸ್‌ನಲ್ಲೂ. ನಿಮ್ಮ ರ‍್ಯಾಂಪು ಅದಕ್ಕಿಂತಲೂ ಕಡಿದು.

ನಿಮ್ಮ ಹಳೇ ತೂಕಕ್ಕೆ ಲೆಕ್ಕ ಹಾಕಿದ್ರೆ ಕಾರು ಟ್ರೇಲರ್ ಎರಡನ್ನೂ ಮೇಲೆ ಎಳೆಯೋಕೆ 575 ಕೆಜಿಯಷ್ಟು ಬಲ ಬೇಕಿತ್ತು. ಏರಿನಲ್ಲಿ ಕಾರಿನ ಭಾರ ಹಿಂದಕ್ಕೆ ವಾಲುತ್ತೆ, ಮುಂದಿನ ಚಕ್ರಗಳ ಮೇಲೆ ಉಳಿಯೋದು ಹೆಚ್ಚೆಂದ್ರೆ 950. ಒದ್ದೆ ಕಾಂಕ್ರೀಟಲ್ಲಿ ಅದರರ್ಧ ಹಿಡಿತ ಸಿಕ್ಕಿದ್ರೂ 475. ಎಲ್ಲಿಗೆ ಸಾಕು? ಪಾಚಿ ಇದ್ರಂತೂ ಕೇಳಲೇಬೇಡಿ. ಇದಕ್ಕೂ ಎಂಜಿನ್ ಶಕ್ತಿಗೂ ಸಂಬಂಧವೇ ಇಲ್ಲ. ಇನ್ನೂರು ಎಚ್‌ಪಿ ಜಾಸ್ತಿ ಹಾಕಿದ್ರೆ ಚಕ್ರ ಇನ್ನೂ ಜೋರಾಗಿ ಜಾರುತ್ತೆ.

ಎಡಬ್ಲ್ಯುಡಿ ಲಾಕ್ ಬಟನ್ ಇದೆಯಾ? ಹೊರಡೋ ಮುಂಚೆನೇ ಒತ್ತಿ. ಜಾರಿದ ಮೇಲೆ ಅಲ್ಲ. ಹಿಂದಿನ ಚಕ್ರಗಳೂ ಸೇರಿದ್ರೆ ಹಿಡಿತ ಎರಡರಷ್ಟಾಗುತ್ತೆ.

ನೀರುಕಾಗೆ:
ಬಟನ್ ಇದೆ, ಅದು ಕೆಸರಿಗೆ ಮಾತ್ರ ಅಂದ್ಕೊಂಡಿದ್ದೆ.

ಭಾನುವಾರದ ಅಪ್‌ಡೇಟ್: ನೀರು, ಅರ್ಧ ಪೆಟ್ರೋಲು, ಸಾಮಾನು ಎಲ್ಲ ಇಳಿಸಿ, ಬೋಟು ಮುಂದಕ್ಕೆ ಸರಿಸಿದ ಮೇಲೆ ವೇಬ್ರಿಡ್ಜಲ್ಲಿ 1950. ತಕ್ಕಡಿ 61, ಹಿಚ್ ಮೇಲೆ 183. ಕಾರು ಈಗ ಎರಡು ಬೆರಳು ಕುಸಿದಿದೆ, ಮೊದಲ ಸಲ ಅದನ್ನ ನೋಡಿ ಖುಷಿಯಾಯ್ತು. 60ರಲ್ಲಿ ಹೋದೆ, ಓಲಾಟ ಇಲ್ಲ. ಲಾಕ್ ಒತ್ತಿ ಮೆಲ್ಲಗೆ ಎಳೆದೆ, ಒಂದೇ ಸಲಕ್ಕೆ ಮೇಲೆ ಬಂತು. ರಿವರ್ಸ್ ವೈರ್ ಮಂಗಳವಾರ ಹಾಕಿಸ್ತೀನಿ, ಅಲ್ಲಿವರೆಗೆ ಟ್ರೇಲರ್ ಏರಿನ ಕೆಳಗಡೆನೇ ಇರುತ್ತೆ.

ಒಂದು ಮಾತ್ರ: ರ‍್ಯಾಂಪ್ ಹತ್ತಿರ ನಿಲ್ಲಿಸಿ ಟ್ರೇಲರ್ ಹಬ್ (ಚಕ್ರದ ನಡುವೆ ಬೇರಿಂಗ್ ಇರೋ ಭಾಗ) ಮುಟ್ಟಿದೆ, ಎಡಗಡೆದು ಬಲಗಡೆಗಿಂತ ಬಿಸಿ ಇತ್ತು. ಮುಟ್ಟಿ ಹಿಡ್ಕೊಬಹುದು, ಆದ್ರೂ.

ಗ್ರೀಸ್‌ಕೈ:
ನಾಲ್ಕು ಕಿಲೋಮೀಟರಿಗೆ ಎರಡೂ ಕಡೆ ಒಂದೇ ಥರ ಇರಬೇಕು. ಎಡಗಡೆ ಬ್ರೇಕ್ ಪೂರ್ತಿ ಬಿಡ್ತಿಲ್ಲ, ಇಲ್ಲಾ ಬೇರಿಂಗಲ್ಲಿ ನೀರು ಸೇರಿದೆ. ಬಿಸಿ ಹಬ್ ತಣ್ಣೀರಿಗೆ ಇಳಿದ್ರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಹಳತಾಗಿದ್ರೆ ಅದರ ಸಂದಿಂದ ನೀರು ಎಳ್ಕೊಳ್ಳುತ್ತೆ. ಜಾಕ್ ಎತ್ತಿ ಚಕ್ರ ಕೈಯಲ್ಲಿ ತಿರುಗಿಸಿ. ಗಟ್ಟಿಯಾಗಿ ತಿರುಗಿದ್ರೆ ಬ್ರೇಕು, ಕರಕರ ಅಂದ್ರೆ ಬೇರಿಂಗು. ಕ್ಯಾಪ್ ತೆಗೆದು ಗ್ರೀಸ್ ನೋಡಿ, ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಹೊಕ್ಕಿದೆ. ಫೋಟೋ ಹಾಕಿ. ಮುಂದಿನ ಸಲ ನೀರಿಗೆ ಇಳಿಸೋ ಮುಂಚೆ ಹತ್ತು ಹದಿನೈದು ನಿಮಿಷ ಹಬ್ ಆರಲಿ, ಹೇಗೂ ಆ ಹೊತ್ತಲ್ಲಿ ಪಟ್ಟಿ ಬಿಚ್ಚೋ ಕೆಲಸ ಇರುತ್ತಲ್ಲ. ಹಾಂ, ಡ್ರೇನ್ ಪ್ಲಗ್ ಮತ್ತೆ ಹಾಕಿದ್ರಲ್ಲ?

ನೀರುಕಾಗೆ:
ಹಾಕಿದ್ದೆ ಸರ್. ಎರಡು ಸಲ ನೋಡಿದೆ.