ಪೀಣ್ಯದ ಕಾರ್ಖಾನೆಯ ವಿದ್ಯುತ್ ಬಿಲ್ಲು: ಹಣ ಹಾಕುವ ಮೊದಲು ಏನನ್ನು ಅಳೆಯಬೇಕು?

ಪ್ರಶ್ನೆ:
ಮಾನ್ಯರೇ, ಪೀಣ್ಯ ಎರಡನೇ ಹಂತದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗ ನನ್ನ ಹೊಣೆ. ಬೆಸ್ಕಾಂನ ಎಚ್‌ಟಿ (ಅಧಿಕ ವೋಲ್ಟೇಜ್) ಸಂಪರ್ಕವಿದ್ದು, ಎರಡು ಪಾಳಿಗಳಲ್ಲಿ 22 ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳೂ ಅವಕ್ಕೆ ಒತ್ತಡದ ಗಾಳಿ ಒದಗಿಸುವ 37 ಕಿಲೋವ್ಯಾಟ್‌ನ ಒಂದು ಸ್ಕ್ರೂ ಕಂಪ್ರೆಸರೂ ನಡೆಯುತ್ತವೆ. ಬಿಲ್ಲು ಏರುತ್ತಿರುವುದರಿಂದ ಮಾಲೀಕರು ಚಾವಣಿಗೆ ಸೌರ ಫಲಕ ಹಾಕಿಸಲು ಹೊರಟಿದ್ದಾರೆ. ಗಾಳಿ ಸಾಲದೆಂದು ಉತ್ಪಾದನಾ ವಿಭಾಗದವರು ಇನ್ನೊಂದು ಕಂಪ್ರೆಸರ್ ಕೇಳುತ್ತಿದ್ದಾರೆ. ಪವರ್ ಫ್ಯಾಕ್ಟರ್ (ಪಡೆದ ವಿದ್ಯುತ್ತಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.98 ಇದೆ, ಅಲ್ಲಿ ಗಳಿಸುವುದೇನೂ ಉಳಿದಿಲ್ಲ. ನಾನು ಎಲ್ಲಿಂದ ಆರಂಭಿಸಲಿ?

ಉತ್ತರ 1:
ಒಂದು ಭಾನುವಾರ ಕಾರ್ಖಾನೆಗೆ ಹೋಗಿ. ಯಂತ್ರಗಳೆಲ್ಲ ನಿಂತಿರುವಾಗ ಗಾಳಿಯ ಲೈನುಗಳಿಗೆ ಹೋಗುವ ಕವಾಟಗಳನ್ನು ತೆರೆದಿಟ್ಟು ಕಂಪ್ರೆಸರ್ ಒಂದನ್ನೇ ಓಡಿಸಿ, ಅದು ಎಷ್ಟು ಹೊತ್ತು ಲೋಡಿನಲ್ಲಿ (ಗಾಳಿ ತುಂಬುತ್ತಾ), ಎಷ್ಟು ಹೊತ್ತು ಅನ್‌ಲೋಡಿನಲ್ಲಿ (ಗಾಳಿ ತುಂಬದೆ ಸುಮ್ಮನೆ ತಿರುಗುತ್ತಾ) ಇರುತ್ತದೆಂದು ಐದಾರು ಸುತ್ತು ಬರೆದುಕೊಳ್ಳಿ. ಬಳಸುವವರೇ ಇಲ್ಲದಾಗ ಅದು ಲೋಡ್ ಆಗುವುದೆಲ್ಲ ಸೋರಿಕೆಗೇ. ಎರಡು ನಿಮಿಷ ಲೋಡ್, ನಾಲ್ಕು ನಿಮಿಷ ಅನ್‌ಲೋಡ್ ಎಂದಾದರೆ ಸಾಮರ್ಥ್ಯದ ಮೂರನೇ ಒಂದು ಭಾಗ ಪೋಲು. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್‌ನ ಒಂದೇ ತೂತು ಸುಮಾರು 3 ಕಿಲೋವ್ಯಾಟ್ ನುಂಗುತ್ತದೆ; ದಿನಕ್ಕೆ 16 ಗಂಟೆಯಂತೆ 300 ದಿನಕ್ಕೆ ಅದು 14,400 ಯೂನಿಟ್. ಹುಡುಕಲು ಸೋಪಿನ ನೀರು, ಒಂದು ಬ್ರಷ್ ಸಾಕು. ಪುಶ್ ಫಿಟ್ಟಿಂಗ್‌ಗಳನ್ನೂ (ಪೈಪನ್ನು ಒತ್ತಿ ಕೂರಿಸುವ ಜೋಡಣೆಗಳು) ಏರ್ ಗನ್‌ಗಳನ್ನೂ ಮೊದಲು ನೋಡಿ.

ಉತ್ತರ 2:
ಒತ್ತಡದ ಸೆಟ್ಟಿಂಗನ್ನೂ ನೋಡಿ. ಎಂದೋ ಒಂದು ಯಂತ್ರ ಅಲಾರಂ ಕೊಟ್ಟಿತೆಂದು ಯಾರೋ ಏರಿಸಿರುತ್ತಾರೆ, ಮತ್ತೆ ಇಳಿಸುವವರು ಇರುವುದಿಲ್ಲ. ಒಂದು ಬಾರ್ ಇಳಿಸಿದರೆ ಕಂಪ್ರೆಸರಿನ ವಿದ್ಯುತ್ತಿನಲ್ಲಿ ಶೇ. 6–7ರಷ್ಟು ಉಳಿಯುತ್ತದೆ, ಸೋರಿಕೆಯೂ ತಗ್ಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮ ಗಾಳಿ ಶೇ. 10ರಷ್ಟು ತೆಳು, ಚೆನ್ನೈನಲ್ಲಿ ಸಾಲುವ ಕಂಪ್ರೆಸರ್ ಇಲ್ಲಿ ಕೊರತೆ ತೋರಿಸಬಹುದು. ಹೀಗಿರುವಾಗ ಹೊರಗೆ ತಂಪು ಗಾಳಿಯಿದ್ದೂ ಕಂಪ್ರೆಸರ್ ಕೋಣೆಯ ಬಿಸಿ ಗಾಳಿಯನ್ನೇ ಅದಕ್ಕೆ ಕುಡಿಸುವುದು ದಂಡ: ಒಳಸೇರುವ ಗಾಳಿ 4 ಡಿಗ್ರಿ ಬಿಸಿಯಾದಾಗಲೆಲ್ಲ ವಿದ್ಯುತ್ ಸುಮಾರು ಶೇ. 1 ಹೆಚ್ಚು ಬೇಕು.

ಉತ್ತರ 3:
ಹೊರವರ್ತುಲ ರಸ್ತೆಯ ದೊಡ್ಡ ಕಚೇರಿಯೊಂದರ ಕಟ್ಟಡ ನಿರ್ವಹಣೆಯಲ್ಲಿರುವ ನನಗೆ ಕಾಟ ಕೊಟ್ಟದ್ದು ಹವಾನಿಯಂತ್ರಣದ ಪಂಪು. ಕವಾಟವನ್ನು ಅರ್ಧ ಮುಚ್ಚಿ, ಪಂಪನ್ನು ಪೂರ್ಣ ವೇಗದಲ್ಲೇ ವರ್ಷಗಟ್ಟಲೆ ಓಡಿಸಿದ್ದೆವು. ಇಂಥ ಪಂಪಿನ ವಿದ್ಯುತ್ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಹಾಕಿ 50 ಹರ್ಟ್ಸ್‌ನಿಂದ 40ಕ್ಕೆ ಇಳಿಸಿದರೆ ಬಳಕೆ ಹತ್ತಿರ ಹತ್ತಿರ ಅರ್ಧವಾಗುತ್ತದೆ. ಆದರೆ ಬಿಲ್ಲು ಹೋಗುತ್ತಿದ್ದುದು ಲೆಕ್ಕಪತ್ರ ವಿಭಾಗಕ್ಕೆ, ಕವಾಟ ಇದ್ದುದು ನಮ್ಮ ಕೈಯಲ್ಲಿ; ಇಬ್ಬರೂ ಒಂದೇ ಮೇಜಿಗೆ ಬರುವವರೆಗೆ ಯಾರಿಗೂ ಅದು ಕಾಣಲಿಲ್ಲ. 2012ರಲ್ಲಿ ಆರಂಭವಾದ, ಇಂಧನ ಉಳಿತಾಯಕ್ಕಾಗಿನ ಕೇಂದ್ರ ಸರ್ಕಾರದ ಪ್ಯಾಟ್ ಯೋಜನೆ ಸಿಮೆಂಟು, ಉಕ್ಕಿನಂಥ ದೊಡ್ಡ ಬಳಕೆದಾರರಿಗೆ ಗುರಿ ವಿಧಿಸಿತು. ನಿಮ್ಮ ಗುರಿಯನ್ನು ನೀವೇ ಬರೆದುಕೊಳ್ಳಬೇಕು.

ಪ್ರಶ್ನೆ ಕೇಳಿದವರು:
ಭಾನುವಾರ ಅಳೆದೆ. ಸರಾಸರಿ ಲೋಡ್ 110 ಸೆಕೆಂಡು, ಅನ್‌ಲೋಡ್ 250, ಅಂದರೆ ಶೇ. 30ಕ್ಕೂ ಹೆಚ್ಚು ಸೋರಿಕೆ. ಎಲ್ಲಕ್ಕಿಂತ ದೊಡ್ಡ ಸೋರಿಕೆ ಸಿಕ್ಕಿದ್ದು ಎರಡು ವರ್ಷದ ಹಿಂದೆ ಮಾರಿದ ಯಂತ್ರದ ಜಾಗದಲ್ಲಿ: ಗೋಡೆಯ ಮೇಲೆ ಉಳಿದ ಪೈಪಿನ ತುದಿಯ ಬಾಲ್ ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ, ಪಕ್ಕದ ಯಂತ್ರದ ಸದ್ದಿನಲ್ಲಿ ಅದರ ಸುಯ್ ಶಬ್ದ ಯಾರಿಗೂ ಕೇಳಿರಲಿಲ್ಲ. ಹೊಸ ಕಂಪ್ರೆಸರಿನ ಕೋರಿಕೆಯನ್ನು ಸದ್ಯಕ್ಕೆ ತಡೆದಿದ್ದೇವೆ. ಸೌರ ಫಲಕದ ಅಳತೆಯನ್ನು ಮುಂದಿನ ಬಿಲ್ಲು ಬಂದ ಮೇಲೆ ಮರುಲೆಕ್ಕ ಹಾಕಲು ಮಾಲೀಕರು ಒಪ್ಪಿದ್ದಾರೆ.